ಕಲ್ಲಿನ ಕೇಳ್ವಿ: ಸೈಕಿಯ ಬೆನ್ನ ಹಿಂದೆ ಏನಿದೆ?

(ಹೋದ ಸಂಚಿಕೆಯಲ್ಲಿ ಇಟಲಿಯ ಶಿಲ್ಪಿ ಅಂಟೋನಿಯೊ ಕನೋವಾನ ‘ಕ್ಯುಪಿಡನ ಮುತ್ತಿನಿಂದ ಎಚ್ಚೆತ್ತ ಸೈಕಿ’ ಎಂಬ ಅಮೃತಶಿಲೆಯ ಶಿಲ್ಪದ ಚಿತ್ರ ಹಾಕಿ ನಾಲ್ಕು ಸಾಲು ಬರೆದಿದ್ದೆವು. ಕ್ಯುಪಿಡ್ ರೋಮನ್ನರ ಪ್ರೇಮದ ದೇವರು, ರೆಕ್ಕೆಯುಳ್ಳ ಹುಡುಗ; ಸೈಕಿ ಅವನು ಮೆಚ್ಚಿದ ರಾಜಕುಮಾರಿ. ಅದರ ಮೇಲೆ ಬಂದ ಪತ್ರಗಳಲ್ಲಿ ಕೆಲವಕ್ಕೆ ಈ ಅಂಕಣ ಬರೆಯುವ ಮೇಷ್ಟ್ರು ಇಲ್ಲಿ ಉತ್ತರಿಸಿದ್ದಾರೆ. – ಸಂ.)

ಮೇಷ್ಟ್ರೇ, ಚಿತ್ರದ ಕೆಳಗೆ ‘ಮುತ್ತಿನಿಂದ ಎಚ್ಚೆತ್ತ’ ಅಂತ ಹಾಕಿದ್ದೀರಿ. ಮೂಲ ಕಥೆಯಲ್ಲಿ ಮುತ್ತೇ ಇಲ್ಲ, ಬಾಣ ಚುಚ್ಚಿ ಎಬ್ಬಿಸುತ್ತಾನೆ ಎಂದು ನನ್ನ ರೂಮ್‌ಮೇಟ್ ವಾದ ಮಾಡುತ್ತಾಳೆ. ಯಾರದು ಸರಿ? ಅಷ್ಟಕ್ಕೂ ಆ ಹುಡುಗಿ ನಿದ್ದೆ ಹೋಗಿದ್ದಾದರೂ ಯಾಕೆ?
– ಬಿ.ವಿ.ಎ. ವಿದ್ಯಾರ್ಥಿನಿ, ಮೈಸೂರು

ರೂಮ್‌ಮೇಟ್‌ಗೆ ಒಂದು ಕಾಫಿ ಕೊಡಿಸಿಬಿಡಿ. ಅವಳದೇ ಸರಿ.

ಕಥೆ ಇರುವುದು ಎರಡನೇ ಶತಮಾನದ ಅಪುಲೇಯಸ್ ಎಂಬವನ ಲ್ಯಾಟಿನ್ ಕಾದಂಬರಿಯಲ್ಲಿ. ಈಗಿನ ಅಲ್ಜೀರಿಯಾದಲ್ಲಿ ಹುಟ್ಟಿದವನು ಅವನು. ಕಾದಂಬರಿ ಮಾಟದ ಎಡವಟ್ಟಿನಿಂದ ಕತ್ತೆಯಾಗಿಹೋದ ಒಬ್ಬನ ಪಾಡು. ಅದರ ನಡುವೆ, ಕಳ್ಳರಿಗೆ ಅಡುಗೆ ಮಾಡಿಹಾಕಿಕೊಂಡಿದ್ದ ಒಬ್ಬ ಮುದುಕಿ, ಅವರು ಹೊತ್ತು ತಂದ ಹುಡುಗಿಯ ಅಳು ನಿಲ್ಲಿಸಲು ಈ ಕಥೆ ಶುರುಮಾಡುತ್ತಾಳೆ. ಅಂದರೆ ನಿಜವಾದ ಅರ್ಥದಲ್ಲೇ ಅಜ್ಜಿ ಕಥೆ. ಹತ್ತಿರದಲ್ಲೇ ಇದ್ದ ಕತ್ತೆ ಎಲ್ಲ ಕೇಳಿಸಿಕೊಂಡು, ಇಷ್ಟು ಚೆಂದದ ಕಥೆ ಬರೆದಿಟ್ಟುಕೊಳ್ಳೋಣವೆಂದರೆ ಓಲೆಯಿಲ್ಲ, ಲೇಖನಿಯಿಲ್ಲ ಎಂದು ಪೇಚಾಡುತ್ತದೆ.

ರಾಜನೊಬ್ಬನ ಮೂರು ಹೆಣ್ಣುಮಕ್ಕಳಲ್ಲಿ ಕಿರಿಯವಳು ಸೈಕಿ. ಅವಳ ಚೆಲುವು ನೋಡಿ ಜನ ಚೆಲುವಿನ ಅಧಿದೇವತೆ ವೀನಸ್ ದೇವಿಯ ಗುಡಿಗೆ ಹೋಗುವುದನ್ನೇ ಬಿಟ್ಟರು. ದೇವಿಗೆ ಹೊಟ್ಟೆ ಉರಿಯಿತು. ಇವಳಿಗೆ ಯಾರಾದರೂ ಕಡುನೀಚನ ಮೇಲೆ ಮೋಹ ಹುಟ್ಟಿಸು ಎಂದು ಮಗ ಕ್ಯುಪಿಡನನ್ನು ಕಳಿಸಿದಳು. ಮಗನೇ ಅವಳಿಗೆ ಮರುಳಾದ. ರಾತ್ರಿ ಕತ್ತಲಲ್ಲಿ ಬರುವ ಗಂಡ, ಮುಖ ನೋಡುವ ಹಾಗಿಲ್ಲ. ಹೊಟ್ಟೆಕಿಚ್ಚಿನ ಅಕ್ಕಂದಿರ ಮಾತು ಕೇಳಿ ಅವಳು ದೀಪ ಹಿಡಿದು ನೋಡಿದಳು. ಬಿಸಿ ಎಣ್ಣೆಯ ಒಂದು ತೊಟ್ಟು ಅವನ ಭುಜದ ಮೇಲೆ ಬಿತ್ತು, ಅವನು ಹಾರಿಹೋದ. ಆಮೇಲೆ ಅತ್ತೆಯ ಕಾಟ. ರಾಶಿ ಬೆರೆಸಿದ ಕಾಳುಗಳನ್ನು ರಾತ್ರಿಯೊಳಗೆ ಬೇರೆ ಮಾಡು, ಹಾಯುವ ಕುರಿಗಳ ಚಿನ್ನದ ಉಣ್ಣೆ ತಾ, ಪಾತಾಳದ ಹೊಳೆಯ ನೀರು ತಾ. ಕಾಳು ಆರಿಸಿಕೊಟ್ಟದ್ದು ಇರುವೆಗಳು. ಸೊಸೆಗೆ ಕಾಳು ಆರಿಸಲು ಕೂರಿಸುವ ಅತ್ತೆ ರೋಮಿನಲ್ಲೂ ಇದ್ದಳು ನೋಡಿ.

ಕೊನೆಯ ಕೆಲಸ, ಪಾತಾಳದ ರಾಣಿ ಪ್ರಾಸರ್ಪಿನಾಳ ಹತ್ತಿರ ಹೋಗಿ ಒಂದು ಭರಣಿ ಚೆಲುವು ಇಸಕೊಂಡು ಬರುವುದು. ತೆರೆಯಕೂಡದು ಎಂದು ಹೇಳಿ ಕಳಿಸಿದ್ದರು. ಸೈಕಿ ಭೂಮಿಗೆ ಹತ್ತಿ ಬಂದಳು, ಗಂಡನಿಗೆ ಚೆಂದ ಕಾಣಲು ನನಗೂ ಚೂರು ಇರಲಿ ಎಂದು ಮುಚ್ಚಳ ತೆಗೆದಳು. ಒಳಗೆ ಚೆಲುವಿರಲಿಲ್ಲ, ಸಾವಿನಂಥ ನಿದ್ದೆ ಇತ್ತು. ಇದ್ದಲ್ಲೇ ಬಿದ್ದಳು. ಅಷ್ಟರಲ್ಲಿ ಸುಟ್ಟಗಾಯ ಮಾಯ್ದಿದ್ದ ಕ್ಯುಪಿಡ್ ಹಾರಿ ಬಂದ, ಅವಳ ಮೈಮೇಲಿನ ನಿದ್ದೆಯನ್ನು ಒರೆಸಿ ಮತ್ತೆ ಭರಣಿಗೆ ತುಂಬಿದ, ಬಾಣದ ತುದಿಯಿಂದ ಸುಮ್ಮನೆ ಒಂದಿಷ್ಟು ಚುಚ್ಚಿದ. ಅವಳು ಎದ್ದಳು. ಮುಂದೆ ದೇವತೆಗಳ ರಾಜ ಜೂಪಿಟರ್ ಅವಳಿಗೆ ಅಮೃತ ಕುಡಿಸಿ ಅಮರಳನ್ನಾಗಿ ಮಾಡಿದ, ಮದುವೆಯೂ ಆಯಿತು.

ಕನೋವಾ ಹಿಡಿದದ್ದು ಅವಳು ಎದ್ದ ಮರುಗಳಿಗೆಯನ್ನು. ಅದಕ್ಕೇ ಹೆಸರಿನ ಮೇಲೆ ನನಗೂ ತಕರಾರಿದೆ. ಅಲ್ಲಿ ಮುತ್ತು ಯಾರನ್ನೂ ಎಬ್ಬಿಸುತ್ತಿಲ್ಲ. ಮುತ್ತು ಇನ್ನೂ ಬಿದ್ದೇ ಇಲ್ಲ. ಇಬ್ಬರ ತುಟಿಗಳ ನಡುವೆ ಸಂದು ಇದೆ. ನೀವು ನೋಡಿದ್ದು ಮುಂಭಾಗದ ಚಿತ್ರ. ಕಥೆ ಇರುವುದು ಹಿಂದೆ. ಅವಳ ಬೆನ್ನ ಹಿಂದೆ ಬಂಡೆಯ ಮೇಲೆ ಆ ಭರಣಿ ಇದೆ. ಅವನ ಪಕ್ಕಕ್ಕೆ ಬಾಣ ತುಂಬಿದ ಬತ್ತಳಿಕೆ ಇದೆ. ಹಿಂದಿನಿಂದ ನೋಡಿದವರಿಗೆ ಇದು ಹೇಗೆ ಬಿದ್ದಳು, ಹೇಗೆ ಎದ್ದಳು ಎಂಬ ಕಥೆ. ಮುಂದಿನಿಂದ ನೋಡಿದವರಿಗೆ ಬರೀ ಇಬ್ಬರು ಪ್ರೇಮಿಗಳು. ಪೋಸ್ಟ್‌ಕಾರ್ಡ್ ಮಾಡುವವರೆಲ್ಲ ಮುಂದೆಯೇ ನಿಲ್ಲುತ್ತಾರೆ. ನಮ್ಮ ಪತ್ರಿಕೆಯವರೂ ಅಲ್ಲೇ ನಿಂತರು, ಏನು ಮಾಡೋದು.

ನಾನು ಕೃಷ್ಣಶಿಲೆಯಲ್ಲಿ ದೇವರ ಕೆಲಸ ಮಾಡುವವನು. ಆ ಹುಡುಗಿಯ ಎತ್ತಿದ ಕೈಗಳು, ಹುಡುಗನ ರೆಕ್ಕೆ, ಅಷ್ಟು ತೆಳ್ಳಗೆ ಮುರಿಯದೆ ಹೇಗೆ ತೆಗೆದ? ಅಷ್ಟೂ ಅವನೇ ಕೆತ್ತಿದನೋ, ಆಳುಗಳಿದ್ದರೋ? ಅವನ ಕೆಲಸದ ಕ್ರಮ ಸ್ವಲ್ಪ ವಿವರವಾಗಿ ತಿಳಿಸಿ.
– ಶಿಲ್ಪಿ, ಶಿವಾರಪಟ್ಟಣ, ಮಾಲೂರು ತಾಲ್ಲೂಕು

ಶಿಲ್ಪಿಗಳೇ, ಈ ಪತ್ರಕ್ಕೆ ಉತ್ತರ ಬರೆಯುವುದೆಂದರೆ ನನಗೆ ಹಬ್ಬ. ಸಂಪಾದಕರು ಜಾಗ ಕಡಿಮೆ ಎನ್ನುತ್ತಾರೆ, ಬೇರೆ ಉತ್ತರಗಳನ್ನು ಚಿಕ್ಕದು ಮಾಡಿದರಾಯಿತು.

ಆಳುಗಳಿದ್ದರು, ಬೇಕಾದಷ್ಟು ಜನ. ಕನೋವಾ ಹುಟ್ಟಿದ್ದು 1757ರಲ್ಲಿ, ವೆನಿಸ್ ಸೀಮೆಯ ಪೊಸ್ಸಾಞೋ ಎಂಬ ಗುಡ್ಡದ ಊರಲ್ಲಿ. ಚಿಕ್ಕಂದಿನಲ್ಲೇ ಅಪ್ಪ ತೀರಿಕೊಂಡ, ತಾಯಿ ಮರುಮದುವೆಯಾದಳು, ಹುಡುಗ ಬೆಳೆದದ್ದು ಅಜ್ಜನ ಕೈಯಲ್ಲಿ. ಅಜ್ಜ ಕಲ್ಲುಕೆಲಸದವನು. ಹಾಗಾಗಿ ಚಾಣ ಹಿಡಿಯುವುದನ್ನು ಶಾಲೆಯಲ್ಲಿ ಕಲಿತವನಲ್ಲ, ನಿಮ್ಮ ಹಾಗೆ ಮನೆಯ ಅಂಗಳದಲ್ಲಿ ಕಲಿತವನು. 1781ರಲ್ಲಿ ರೋಮಿಗೆ ಬಂದು ನೆಲೆಸಿದ. ಹತ್ತು ವರ್ಷದೊಳಗೆ ಇಬ್ಬರು ಪೋಪರ ಸಮಾಧಿಯ ಕೆಲಸ ಅವನ ಕೈಗೆ ಬಂದಿತ್ತು. ಅಷ್ಟು ಕೆಲಸವನ್ನು ಒಬ್ಬನೇ ಕೂತು ಕೆತ್ತುವುದು ಆಗದ ಮಾತು.

ಅವನ ಕ್ರಮ ಹೀಗಿತ್ತು. ಮೊದಲು ಕೈಯಗಲದ ಮಣ್ಣಿನ ಗೊಂಬೆಗಳು. ಬೆರಳ ಗುರುತು ಹಾಗೇ ಇರುವ, ಅವಸರದಲ್ಲಿ ಹಿಸುಕಿ ಮಾಡಿದ ಗೊಂಬೆಗಳು ಅವು. ನನ್ನನ್ನು ಕೇಳಿದರೆ ಅವನ ಜೀವ ಇರುವುದು ಅದರಲ್ಲೇ. ಅದರಲ್ಲಿ ಒಂದು ಒಪ್ಪಿಗೆಯಾದ ಮೇಲೆ, ಒಳಗೆ ಕಬ್ಬಿಣದ ಕಂಬಿ ನಿಲ್ಲಿಸಿ, ಪೂರ್ತಿ ಅಳತೆಗೆ ಜೇಡಿಮಣ್ಣಿನಲ್ಲಿ ಮಾಡುತ್ತಿದ್ದ. ಅದರ ಮೇಲೆ ಅಚ್ಚು ತೆಗೆದು ಪ್ಲಾಸ್ಟರ್ ಹೊಯ್ಯುತ್ತಿದ್ದರು. ಮಣ್ಣು ಹೋಯಿತು, ಪ್ಲಾಸ್ಟರ್ ಉಳಿಯಿತು. ಆ ಪ್ಲಾಸ್ಟರಿನ ಮೈತುಂಬ ಸಣ್ಣ ಸಣ್ಣ ಲೋಹದ ಮೊಳೆ ಹೊಡೆಯುತ್ತಿದ್ದರು. ಮೂಗಿನ ತುದಿ, ಮೊಣಕೈ, ಸೊಂಟದ ಎಲುಬು, ಎಲ್ಲೆಲ್ಲಿ ಮೈ ತಿರುಗುತ್ತದೋ ಅಲ್ಲೆಲ್ಲ. ಪ್ಲಾಸ್ಟರಿನ ಮೇಲೊಂದು, ಕಲ್ಲಿನ ಮೇಲೊಂದು, ಒಂದೇ ಅಳತೆಯ ಎರಡು ಚೌಕಟ್ಟು. ಎರಡರಿಂದಲೂ ಗಾರೆಯವರು ಹಿಡಿಯುವಂಥ ತೂಕದ ಗುಂಡು ಇಳಿಬಿಟ್ಟು, ದಾರದಿಂದ ಮೊಳೆ ಎಷ್ಟು ಒಳಗಿದೆ ಎಂದು ಅಳೆದು, ಕಲ್ಲಿನಲ್ಲಿ ಅಷ್ಟೇ ಆಳಕ್ಕೆ ಬೈರಿಗೆಯಿಂದ ತೂತು ಕೊರೆಯುವುದು. ತೂತಿನ ತಳ ಸಿಗುವವರೆಗೆ ಆಳುಗಳು ಕಲ್ಲು ತೆಗೆಯುತ್ತ ಹೋಗುತ್ತಾರೆ. ನಿಮ್ಮಲ್ಲಿ ತಾಳಮಾನ ಎಂಬ ಅಳತೆಯ ಕ್ರಮ ಇದೆ, ಮೂರ್ತಿಯ ಲೆಕ್ಕ ಶಿಲ್ಪಿಯ ತಲೆಯಲ್ಲೇ ಇರುತ್ತದೆ. ಅವನಲ್ಲಿ ಲೆಕ್ಕ ಪ್ಲಾಸ್ಟರಿನ ಮೈಮೇಲೆ ಇತ್ತು. ಪೊಸ್ಸಾಞೋದಲ್ಲಿ ಈಗ ಆ ಪ್ಲಾಸ್ಟರುಗಳ ಮ್ಯೂಸಿಯಂ ಇದೆ. ಮೊಳೆಗಳು ಇನ್ನೂ ಹಾಗೇ ಇವೆ, ದೂರದಿಂದ ಮೈತುಂಬ ಕಪ್ಪು ಮಚ್ಚೆಯಂತೆ ಕಾಣುತ್ತವೆ.

ಈ ಶಿಲ್ಪದ ಅಳತೆ ಎತ್ತರ 1.55 ಮೀಟರ್, ಅಗಲ 1.68, ಆಳ ಸುಮಾರು 1 ಮೀಟರ್. ಗುಣಿಸಿ ನೋಡಿ. ಅಷ್ಟು ಜಾಗ ತುಂಬುವ ಅಮೃತಶಿಲೆ ಏಳು ಟನ್ ಮುಟ್ಟುತ್ತದೆ. ಈಗ ಚಿತ್ರ ಮತ್ತೆ ನೋಡಿ. ಅವಳ ಎರಡು ಕೈಗಳ ನಡುವಿನ ಬಳೆಯಂಥ ಸುತ್ತು ಖಾಲಿ. ಮೇಲೆ ಎರಡು ರೆಕ್ಕೆಗಳ ನಡುವೆ ಖಾಲಿ. ಅವನ ಚಾಚಿದ ಕಾಲಿನ ಕೆಳಗೆ ಖಾಲಿ. ಎಸೆದ ಕಲ್ಲೇ ಜಾಸ್ತಿ. ಈ ಶಿಲ್ಪದಲ್ಲಿ ನೋಡಬೇಕಾದದ್ದು ಆ ತೆಗೆದುಹಾಕಿದ ಕಲ್ಲನ್ನು ಎಂದೇ ನಾನು ತರಗತಿಯಲ್ಲಿ ಹೇಳುತ್ತಿದ್ದೆ. ಆ ಖಾಲಿ ಸುತ್ತಿನ ನಡುವೆ ಎರಡು ಮುಖಗಳನ್ನು ಕೂರಿಸಿದ್ದಾನೆ, ಕಣ್ಣು ಬೇರೆಲ್ಲೂ ಹೋಗುವುದಿಲ್ಲ.

ಕೈ ಮುರಿಯದ ಗುಟ್ಟು ಆ ಸುತ್ತಿನಲ್ಲೇ ಇದೆ. ಅವಳ ಬೆರಳುಗಳು ಅವನ ತಲೆಗೂದಲಿಗೆ ತಾಗಿವೆ. ಎಂದರೆ ಕೈ ಗಾಳಿಯಲ್ಲಿ ಒಂಟಿಯಾಗಿ ಚಾಚಿಲ್ಲ, ಭುಜದಲ್ಲಿ ಒಂದು ಆಧಾರ, ಕೂದಲಲ್ಲಿ ಇನ್ನೊಂದು. ಅವನ ಭಾರ ಮಂಡಿಯ ಮೂಲಕ ಬಂಡೆಗೆ ಇಳಿಯುತ್ತದೆ. ಅವಳು ಅರ್ಧ ಮಲಗಿರುವುದರಿಂದ ಸೊಂಟದಿಂದ ಕೆಳಗೆ ಬಂಡೆ, ಬಟ್ಟೆ, ಕಾಲು ಎಲ್ಲ ಒಂದೇ ಗಟ್ಟಿ. ಪ್ರೇಮಾಲಿಂಗನ ಅಂತ ಜನ ನೋಡುವುದರಲ್ಲಿ ಅರ್ಧ ತೂಕದ ಲೆಕ್ಕಾಚಾರ. ತೆಳು ಭಾಗಗಳ ನಡುವೆ ಕಲ್ಲಿನ ಸೇತುವೆ ಬಿಟ್ಟುಕೊಂಡು ಕಟ್ಟಕಡೆಗೆ ತೆಗೆಯುವುದು ಅಮೃತಶಿಲೆಯವರ ಹಳೆಯ ವಾಡಿಕೆ. ನೀವೂ ದೇವರ ಬೆರಳುಗಳ ನಡುವೆ ಹಾಗೇ ತಾನೆ ಬಿಡುವುದು?

ಆಳುಗಳ ಕೆಲಸ ಮೈಯಿಂದ ತುಸು ಹೊರಗೇ ನಿಲ್ಲುತ್ತಿತ್ತು. ಕೊನೆಯ ಪದರ, ಅಂದರೆ ಚರ್ಮ, ಕನೋವಾನದೇ. ಅದನ್ನು ಬೇರೆ ಯಾರಿಗೂ ಬಿಡುತ್ತಿರಲಿಲ್ಲ. ರಾತ್ರಿ ಮೇಣದಬತ್ತಿ ಹಿಡಿದು ಮಾಡುತ್ತಿದ್ದ. ಹಗಲ ಬೆಳಕು ಎಲ್ಲ ಕಡೆಯಿಂದ ಬಂದು ತಗ್ಗುದಿಣ್ಣೆ ಮುಚ್ಚಿಬಿಡುತ್ತದೆ, ಪಕ್ಕದಿಂದ ಹಿಡಿದ ಒಂದೇ ಬತ್ತಿಯ ಬೆಳಕಿನಲ್ಲಿ ಕೂದಲೆಳೆಯ ಉಬ್ಬೂ ನೆರಳು ಬೀಳಿಸುತ್ತದೆ. ಬೇಕಾದರೆ ಇವತ್ತು ರಾತ್ರಿ ನಿಮ್ಮ ಮೂರ್ತಿಯ ಕೆನ್ನೆಗೆ ಟಾರ್ಚ್ ಅಡ್ಡ ಹಿಡಿದು ನೋಡಿ. ಆಮೇಲೆ ಉಜ್ಜುವುದು, ಅದಾದ ಮೇಲೆ ಮೇಣ ಅಥವಾ ಬಣ್ಣದ ನೀರಿನ ತೆಳು ಲೇಪ, ಹಸಿಬಿಳುಪು ಹೋಗಲಿ ಎಂದು. ಮೈಯೆಲ್ಲ ಒಂದೇ ಸಮ ಹೊಳೆಯುವುದಿಲ್ಲ. ಚರ್ಮ ನುಣುಪು, ಬಂಡೆ ಒರಟು, ಕೂದಲು ಮತ್ತು ಬಟ್ಟೆ ನಡುವೆ ಎಲ್ಲೋ.

ರೆಕ್ಕೆ ನಿಮ್ಮ ಕಲ್ಲಿನಲ್ಲಿ ಆಗದು, ಹಟ ಮಾಡಬೇಡಿ. ಕೃಷ್ಣಶಿಲೆ ಬೆಳಕನ್ನು ಮೇಲೇ ತಡೆದು ವಾಪಸ್ ಕಳಿಸುತ್ತದೆ, ಅದರ ಚೆಲುವು ಗೆರೆಯ ಚೂಪಿನಲ್ಲಿ. ಅಮೃತಶಿಲೆ ಬೆಳಕನ್ನು ಒಂದಿಷ್ಟು ಒಳಗೆ ಬಿಟ್ಟುಕೊಳ್ಳುತ್ತದೆ. ಆ ರೆಕ್ಕೆ ಎಷ್ಟು ತೆಳುವೆಂದರೆ ಹಿಂದೆ ಬೆಳಕಿದ್ದಾಗ ಕಲ್ಲೇ ಹೊಂಬಣ್ಣಕ್ಕೆ ತಿರುಗುತ್ತದೆ.

ಇನ್ನೊಂದು ಮಾತು, ನಿಮ್ಮ ಒಳ್ಳೆಯದಕ್ಕೆ. ಕಮಾನಿನ ಬೈರಿಗೆಯನ್ನು ಎದೆಗೆ ಒತ್ತಿ ಹಿಡಿದು ತಿರುಗಿಸಿ ತಿರುಗಿಸಿ ಅವನ ಎದೆಗೂಡೇ ಒಳಕ್ಕೆ ಹೋಗಿತ್ತು, ಹೊಟ್ಟೆನೋವು ಜೀವಮಾನವಿಡೀ ಬಿಡಲಿಲ್ಲ ಎಂದು ಅವನ ಚರಿತ್ರೆ ಬರೆದವರು ಹೇಳುತ್ತಾರೆ. ನಿಮಗೀಗ ಕರೆಂಟಿನ ಮೆಷಿನ್ ಇದೆ, ಎದೆ ಉಳಿಯಿತು. ಮಾಸ್ಕ್ ಹಾಕಿಕೊಳ್ಳದಿದ್ದರೆ ಶ್ವಾಸಕೋಶ ಉಳಿಯುವುದಿಲ್ಲ. ಊರಿನ ಹುಡುಗರಿಗೂ ಹೇಳಿ.

ಮಗಳು ಪ್ಯಾರಿಸ್‌ನಲ್ಲಿದ್ದಾಳೆ, ಮೇ ತಿಂಗಳಲ್ಲಿ ಹೋಗುತ್ತಿದ್ದೇನೆ. ಲೂವ್ರ್ ಮ್ಯೂಸಿಯಂ ಬಹಳ ದೊಡ್ಡದಂತೆ, ನನಗೆ ಮಂಡಿನೋವು. ಈ ಶಿಲ್ಪ ಎಲ್ಲಿದೆ, ಯಾವ ಕಡೆಯಿಂದ ನೋಡಬೇಕು?
– ನಿವೃತ್ತ ಶಿಕ್ಷಕಿ, ಧಾರವಾಡ

ಅಮ್ಮಾ, ಮಂಗಳವಾರ ಹೋಗಬೇಡಿ, ಬಾಗಿಲು ಹಾಕಿರುತ್ತದೆ. ಒಳಗೆ ಹೋದವರೆಲ್ಲ ಮೋನಾಲಿಸಾ ಕಡೆಗೆ ಓಡುತ್ತಾರೆ. ನೀವು ಅದೇ ದೆನೋಂ ವಿಭಾಗದಲ್ಲಿ ನೆಲಮಹಡಿಯ ಮೈಕೆಲೇಂಜೆಲೊ ಗ್ಯಾಲರಿ ಎಲ್ಲಿ ಎಂದು ಕೇಳಿ. ಮೈಕೆಲೇಂಜೆಲೊ ಕೆತ್ತಿದ ಇಬ್ಬರು ಸೆರೆಯಾಳುಗಳೂ ಅದೇ ಕೋಣೆಯಲ್ಲಿದ್ದಾರೆ. ಒಂದೇ ಕಡೆ ಎರಡು ಕೆಲಸ ಮುಗಿಯಿತು.

ಯಾವ ಕಡೆಯಿಂದ ಎಂಬ ನಿಮ್ಮ ಪ್ರಶ್ನೆಗೆ ಇನ್ನೂರು ವರ್ಷದ ಜಗಳವಿದೆ. ಫೆರ್ನೋ ಎಂಬ ಜರ್ಮನ್ ವಿಮರ್ಶಕ ಕನೋವಾನ ಕಾಲದಲ್ಲೇ ಗೊಣಗಿದ್ದ. ಸುತ್ತಿ ಸುತ್ತಿ ಬಂದರೂ ಎರಡು ಮುಖ ಒಟ್ಟಿಗೆ ಸರಿಯಾಗಿ ಕಾಣುವ ಒಂದು ಜಾಗ ಸಿಗುವುದಿಲ್ಲ ಎಂಬುದು ಅವನ ದೂರಿನ ಸಾರ. ಅವನ ಕಣ್ಣು ಸರಿಯಾಗಿತ್ತು, ತೀರ್ಪು ತಪ್ಪಾಗಿತ್ತು. ಒಂದೇ ಜಾಗದಿಂದ ಮುಗಿಯಬಾರದು ಎಂದೇ ಅದನ್ನು ಹಾಗೆ ಮಾಡಿದ್ದು. ಸೈಕಿಯ ಪಾದದ ಹತ್ತಿರ ಒಂದು ಹಿಡಿಕೆ ಇದೆ, ಹುಡುಕಿ ನೋಡಿ. ಪೀಠದ ಮೇಲೆ ಶಿಲ್ಪವನ್ನೇ ತಿರುಗಿಸಿ ತೋರಿಸಲಿ ಎಂದು ಇಟ್ಟದ್ದು. ಈಗ ಯಾರೂ ತಿರುಗಿಸುವುದಿಲ್ಲ, ಮಂಡಿನೋವಿನವರೂ ಸುತ್ತು ಹಾಕಲೇಬೇಕು.

ಮೊದಲು ಹಿಂದಕ್ಕೆ ಹೋಗಿ. ಭರಣಿ, ಬತ್ತಳಿಕೆ ನೋಡಿ, ಅವನ ಅಂಗಾಲು ನೋಡಿ. ಆಮೇಲೆ ನಿಧಾನವಾಗಿ ಪಕ್ಕಕ್ಕೆ ಬನ್ನಿ. ಒಂದು ಜಾಗದಲ್ಲಿ ರೆಕ್ಕೆಗಳೂ ಚಾಚಿದ ಕಾಲೂ ಅವಳ ಮೈಯೂ ಸೇರಿ ದೊಡ್ಡ ಗುಣಾಕಾರದ ಚಿಹ್ನೆ ಆಗುತ್ತದೆ, ತುಟಿಗಳು ಅದರ ನಟ್ಟನಡುವೆ. ಅಲ್ಲಿ ಜನ ಜಾಸ್ತಿ, ಫೋನ್ ಎತ್ತಿ ಹಿಡಿದಿರುತ್ತಾರೆ. ನೀವು ಇನ್ನೆರಡು ಹೆಜ್ಜೆ ಮುಂದೆ ಹೋಗಿ. ಅಲ್ಲಿಂದ ತುಟಿಗಳ ನಡುವಿನ ಸಂದು ಕಾಣುತ್ತದೆ. ನನಗೆ ಇಷ್ಟವಾದ ಜಾಗ ಅದೇ. ಅವನ ಒಂದು ಕೈ ಅವಳ ತಲೆಗೆ ಆಸರೆಯಾಗಿದೆ, ಇನ್ನೊಂದು ಅವಳ ಎದೆಯ ಮೇಲಿದೆ. ಎಲ್ಲೂ ಹಿಡಿದು ಒತ್ತಿದ ಹಾಗಿಲ್ಲ. ಹಾಗೆ ಹಗುರವಾಗಿ ತಾಗಿಸುವುದೇ ಕಲ್ಲಿನಲ್ಲಿ ಕಷ್ಟ, ಒತ್ತಿದ ಹಾಗೆ ಮಾಡುವುದು ಸುಲಭ.

ಸಮಯ ಉಳಿದರೆ ಇದೇ ಕಥೆಯ ಮೇಲೆ ಅವನೇ ಮಾಡಿದ ಇನ್ನೊಂದು ಜೋಡಿಯೂ ಅದೇ ಮ್ಯೂಸಿಯಂನಲ್ಲಿದೆ. ಅದರಲ್ಲಿ ಇಬ್ಬರೂ ನಿಂತಿದ್ದಾರೆ, ಸೈಕಿ ಅವನ ಅಂಗೈಯಲ್ಲಿ ಒಂದು ಚಿಟ್ಟೆ ಇಡುತ್ತಿದ್ದಾಳೆ. ನೋಡುವವರು ಕಡಿಮೆ.

ಡಾಕ್ಟರ್ ಓದಲು ರಷ್ಯಾದಲ್ಲಿದ್ದಾಗ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಇದೇ ಶಿಲ್ಪ ಕಂಡ ನೆನಪು. ಅದು ನಕಲೇ?
– ವೈದ್ಯರು, ದಾವಣಗೆರೆ

ನಕಲಲ್ಲ ಡಾಕ್ಟ್ರೇ, ಎರಡನೆಯದು. 1787ರಲ್ಲಿ ಜಾನ್ ಕ್ಯಾಂಬೆಲ್ ಎಂಬ ಬ್ರಿಟಿಷ್ ಕರ್ನಲ್ ಮೊದಲನೆಯದಕ್ಕೆ ಆರ್ಡರ್ ಕೊಟ್ಟ. 1793ಕ್ಕೆ ಮುಗಿಯಿತು. ಆದರೆ ಅವನ ಮನೆ ಸೇರಲಿಲ್ಲ. 1800ರ ಸುಮಾರಿಗೆ ನೆಪೋಲಿಯನ್ನನ ತಂಗಿಯ ಗಂಡ ಮುರಾ ಎತ್ತಿಹಾಕಿಕೊಂಡ. ಲೂವ್ರ್‌ನಲ್ಲಿರುವುದು ಅದು. ಈ ನಡುವೆ ರಷ್ಯಾದ ಯೂಸುಪೋವ್ ಎಂಬ ರಾಜಕುಮಾರ ನನಗೂ ಒಂದು ಬೇಕು ಎಂದ. ಅವನಿಗಾಗಿ ಮಾಡಿದ್ದು ನೀವು ಅಲ್ಲಿನ ಹರ್ಮಿಟೇಜ್ ಮ್ಯೂಸಿಯಂನಲ್ಲಿ ಕಂಡದ್ದು. ಪ್ಲಾಸ್ಟರ್ ಇಟ್ಟುಕೊಂಡಿದ್ದರೆ ಇದೊಂದು ಅನುಕೂಲ, ಮತ್ತೆ ಮೊಳೆ ಅಳೆದರಾಯಿತು. ಪ್ಲಾಸ್ಟರಿನದೇ ಒಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ‘ಅಸಲಿ ಒಂದೇ’ ಎಂಬ ಹಟ ನಮ್ಮ ಕಾಲದ್ದು. ಕನೋವಾಗೂ ಅವನ ಗಿರಾಕಿಗಳಿಗೂ ಅದು ಇರಲಿಲ್ಲ.

ಗ್ರೀಕರ ಶಿಲ್ಪಗಳೆಲ್ಲ ಬಿಳಿ ಅಲ್ಲ, ಬಣ್ಣ ಬಳಿದಿದ್ದರು ಎಂದು ಈಗ ಹೇಳುತ್ತಾರೆ. ಹಾಗಾದರೆ ಬಿಳಿಯೇ ಶ್ರೇಷ್ಠ ಎಂದುಕೊಂಡ ಕನೋವಾನಂಥವರು ಮೋಸ ಹೋದರೇ?
– ಕಾಲೇಜು ಉಪನ್ಯಾಸಕರು, ಉಡುಪಿ

ಬಳಿದಿದ್ದರು, ಅದರಲ್ಲಿ ಸಂಶಯವಿಲ್ಲ. 2003ರಲ್ಲಿ ಮ್ಯೂನಿಕ್‌ನಲ್ಲಿ ಹಳೆಯ ಶಿಲ್ಪಗಳ ಅಚ್ಚುಗಳಿಗೆ ಬಣ್ಣ ತುಂಬಿ ಪ್ರದರ್ಶನವನ್ನೇ ಇಟ್ಟರು, ನೋಡಿದವರು ಹೌಹಾರಿದರು. ನಮ್ಮ ರಥಬೀದಿಯಲ್ಲಿ ಬೆಳೆದವರು ಹೌಹಾರಬೇಕಾಗಿಲ್ಲ. ಬಣ್ಣವಿಲ್ಲದ ದೇವರೇ ನಮಗೆ ವಿಚಿತ್ರ.

ಬಿಳಿಯ ಹುಚ್ಚು ಹತ್ತಿಸಿದವರಲ್ಲಿ ಮುಖ್ಯನಾದವನು ವಿಂಕೆಲ್‌ಮನ್ ಎಂಬ ಜರ್ಮನ್ ಪಂಡಿತ. 1755ರಲ್ಲಿ ಗ್ರೀಕ್ ಶಿಲ್ಪದ ಗುಣವೆಂದರೆ ಘನವಾದ ಸರಳತೆ, ಶಾಂತವಾದ ಹಿರಿಮೆ ಎಂದು ಬರೆದ. ಯುರೋಪೆಲ್ಲ ತಲೆದೂಗಿತು. ಪುಣ್ಯಾತ್ಮ ಗ್ರೀಸಿಗೆ ಒಮ್ಮೆಯೂ ಹೋದವನಲ್ಲ. ರೋಮಿನಲ್ಲಿ ಅವನು ಕಂಡದ್ದರಲ್ಲಿ ಹೆಚ್ಚಿನವು ರೋಮನ್ನರು ಮಾಡಿಕೊಂಡ ಪ್ರತಿಗಳು, ಅದೂ ನೂರಾರು ವರ್ಷ ಮಣ್ಣಲ್ಲಿ ಹೂತು ಬಣ್ಣ ಕಳಚಿದವು. ಅದೇ ಕಾಲಕ್ಕೆ ನೇಪಲ್ಸ್ ಹತ್ತಿರ, ಜ್ವಾಲಾಮುಖಿ ಸಿಡಿದು ಹೂತುಹೋಗಿದ್ದ ರೋಮನ್ ಊರುಗಳಾದ ಹರ್ಕ್ಯುಲೇನಿಯಂ, ಪಾಂಪೆಗಳ ಅಗೆತ ನಡೆಯುತ್ತಿತ್ತು. ಹರ್ಕ್ಯುಲೇನಿಯಂನ ಒಂದು ಗೋಡೆಚಿತ್ರದ ಭಂಗಿಯಿಂದಲೇ ಕನೋವಾಗೆ ಈ ಆಲಿಂಗನ ಹೊಳೆದದ್ದು ಎನ್ನುತ್ತಾರೆ.

ಆದರೆ ಕನೋವಾನನ್ನು ಬಿಳಿಯ ಭಕ್ತರ ಗುಂಪಿಗೆ ಪೂರ್ತಿ ಸೇರಿಸಬೇಡಿ. ಹೆಬೆ ಎಂಬ ದೇವತೆಯ ಶಿಲ್ಪದಲ್ಲಿ ತುಟಿ, ಕೆನ್ನೆಗೆ ಅವನು ತೆಳುವಾಗಿ ಕೆಂಪು ಹಚ್ಚಿದ್ದ. ಬೈಸಿಕೊಂಡ. ಗ್ರೀಕರು ಚಿನ್ನ, ದಂತ, ಬಣ್ಣ ಎಲ್ಲ ಬಳಸುತ್ತಿದ್ದರು ಎಂದು 1814ರಲ್ಲೇ ದೊಡ್ಡ ಪುಸ್ತಕ ಬರೆದ ಫ್ರೆಂಚ್ ವಿದ್ವಾಂಸ ಕಾತ್ರಮೇರ್ ದ ಕಾನ್ಸಿ ಅವನ ಆಪ್ತ ಗೆಳೆಯ. ಹಾಗಾಗಿ ವಿಷಯ ಗೊತ್ತಿಲ್ಲದೆ ಬಿಳಿ ಹಿಡಿದವನಲ್ಲ. ಅಥೆನ್ಸಿನಿಂದ ಕಿತ್ತು ತಂದ ಪಾರ್ಥೆನಾನ್ ಗುಡಿಯ ಶಿಲ್ಪಗಳನ್ನು ದುರಸ್ತಿ ಮಾಡಿಕೊಡು ಎಂದು ಬ್ರಿಟನ್ನಿನ ರಾಯಭಾರಿಯಾಗಿದ್ದ ಲಾರ್ಡ್ ಎಲ್ಗಿನ್ ಕೇಳಿದಾಗ, ಅವಕ್ಕೆ ಚಾಣ ಮುಟ್ಟಿಸುವುದೇ ಪಾಪ ಎಂದು ಒಪ್ಪಲಿಲ್ಲ. ಮುರಿದ ಮೂಗಿಗೆ ಹೊಸ ಮೂಗು ಅಂಟಿಸುವುದೇ ಕಸುಬಾಗಿದ್ದ ಆ ಕಾಲದಲ್ಲಿ ಅದು ಸಣ್ಣ ಮಾತಲ್ಲ. ಆ ಬುದ್ಧಿ ಎಲ್ಲರಿಗೂ ಬರಲಿಲ್ಲ. 1930ರ ದಶಕದಲ್ಲಿ ಬ್ರಿಟಿಷ್ ಮ್ಯೂಸಿಯಂನಲ್ಲಿ ಅದೇ ಶಿಲ್ಪಗಳನ್ನು ಬೆಳ್ಳಗೆ ಮಾಡುತ್ತೇವೆಂದು ತಾಮ್ರದ ಸಲಕರಣೆಯಿಂದ ಕೆರೆದು ಮೇಲ್ಮೈಯನ್ನೇ ತೆಗೆದರು.

ಇಂಥ ಬೆತ್ತಲೆ ಶಿಲ್ಪಗಳ ಚಿತ್ರವನ್ನು ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಹಾಕಬೇಕೇ?
– ಚಂದಾದಾರರು, ವಿಜಯಪುರ

ಸ್ವಾಮಿ, ಸೈಕಿಯ ಸೊಂಟಕ್ಕೆ ಬಟ್ಟೆ ಇದೆ, ಮತ್ತೊಮ್ಮೆ ನೋಡಿ. ನಿಮ್ಮ ಮುಜುಗರವನ್ನು ತಳ್ಳಿಹಾಕುವುದಿಲ್ಲ, ಅದು ರಾಜಮಹಾರಾಜರಿಗೂ ಆಗಿದೆ. ನೆಪೋಲಿಯನ್ನನ ತಂಗಿ ಪೌಲಿನ್ ವೀನಸ್ ದೇವಿಯಾಗಿ ಅರೆಬೆತ್ತಲೆ ಒರಗಿದ ಶಿಲ್ಪವನ್ನು ಕನೋವಾ ಮಾಡಿದ. ಅವಳ ಗಂಡ ಬೋರ್ಗೇಸೆ ಅದನ್ನು ಕಂಡಕಂಡವರಿಗೆ ತೋರಿಸಲು ಬಿಡುತ್ತಿರಲಿಲ್ಲ. ನೆಪೋಲಿಯನ್ನನದೇ ಇನ್ನೂ ತಮಾಷೆ. ಅವನನ್ನು ಯುದ್ಧದೇವತೆ ಮಾರ್ಸ್ ಮಾಡಿ, ಮೂರು ಮೀಟರಿಗೂ ಮೀರಿದ ಎತ್ತರಕ್ಕೆ, ಬೆತ್ತಲೆಯಾಗಿ, ಕುಸ್ತಿ ಪೈಲ್ವಾನನ ಮೈಕಟ್ಟಿನಲ್ಲಿ ನಿಲ್ಲಿಸಿದ. 1811ರಲ್ಲಿ ಪ್ಯಾರಿಸ್‌ಗೆ ಬಂದಾಗ ಚಕ್ರವರ್ತಿ ಒಮ್ಮೆ ನೋಡಿ, ಮೈಕಟ್ಟು ಅತಿಯಾಯಿತು ಎಂದು ಮೂಲೆಗೆ ಸೇರಿಸಿಬಿಟ್ಟ. ಅವನು ಸೋತ ಮೇಲೆ ಬ್ರಿಟಿಷ್ ಸರ್ಕಾರ 1816ರಲ್ಲಿ ಅದನ್ನು ಕೊಂಡುಕೊಂಡಿತು. ಈಗ ಅದು ಲಂಡನ್ನಿನಲ್ಲಿ, ವಾಟರ್‌ಲೂನಲ್ಲಿ ಅವನನ್ನು ಸೋಲಿಸಿದ ವೆಲಿಂಗ್ಟನ್ ದೊರೆಯ ಮನೆಯ ಮೆಟ್ಟಿಲ ಬುಡದಲ್ಲಿ ನಿಂತಿದೆ. ಆ ಚಿತ್ರವನ್ನು ನಿಮ್ಮ ಮರ್ಯಾದೆಗೆ ಈ ಸಲ ಹಾಕಿಲ್ಲ.

ಹೈದರಾಬಾದಿನ ಸಾಲಾರ್‌ಜಂಗ್ ಮ್ಯೂಸಿಯಂನಲ್ಲಿರುವ ಮುಸುಕಿನ ರೆಬೆಕ್ಕಾ ಶಿಲ್ಪ ಕೂಡ ಇದೇ ಪೈಕಿಯದೇ?
– ಓದುಗರು, ಕಲಬುರಗಿ

ದಾಯಾದಿ ಅನ್ನಬಹುದು. ಅದು ಕನೋವಾ ತೀರಿಹೋದ (1822) ಬಳಿಕದ ತಲೆಮಾರಿನ ಇಟಲಿಯ ಶಿಲ್ಪಿ ಬೆನ್ಜೋನಿಯದು. ಹೈದರಾಬಾದ್ ನಿಜಾಮರ ದಿವಾನನಾಗಿದ್ದ ಒಂದನೇ ಸಾಲಾರ್‌ಜಂಗ್ 1876ರಲ್ಲಿ ರೋಮಿನಲ್ಲಿ ಕೊಂಡು ತಂದದ್ದು. ವಿಷಯ ಪುರಾಣದ್ದಲ್ಲ, ಬೈಬಲ್ಲಿನದು. ಮದುವೆಯಾಗಲಿರುವ ಐಸಾಕನನ್ನು ಕಂಡು ರೆಬೆಕ್ಕಾ ಮುಸುಕು ಹಾಕಿಕೊಳ್ಳುತ್ತಾಳೆ. ಮುಸುಕು ಕಲ್ಲಿನದೋ ಬಟ್ಟೆಯದೋ ಎಂದು ಜನ ಬಾಯಿಬಿಟ್ಟು ನೋಡುತ್ತಾರೆ. ಅಲ್ಲಿ ತೆಳು ಕಲ್ಲೂ ಇಲ್ಲ, ಒಳಗೆ ಮುಖವೂ ಇಲ್ಲ. ಮುಖದ ಉಬ್ಬುಗಳ ಮೇಲೆ ಮಡಿಕೆಯ ಗೆರೆ ಎಳೆದು, ನುಣುಪು ಒರಟುಗಳಲ್ಲಿ ಕಣ್ಣಿಗೆ ಮಂಕು ಕವಿಸಿದ್ದಾನೆ. ಕಸಬು ದೊಡ್ಡದು. ನನ್ನ ಅಭಿಪ್ರಾಯ ಕೇಳಿದರೆ, ಮುಸುಕು ಬಿಟ್ಟರೆ ಅದರಲ್ಲಿ ನೋಡಲು ಹೆಚ್ಚೇನಿಲ್ಲ, ಹಿಂದೆ ಹೋದರೆ ಬರೀ ಬೆನ್ನು. ಕಲಬುರಗಿಯಿಂದ ರೈಲಿಗೆ ಬೆಳಿಗ್ಗೆ ಹೋಗಿ ರಾತ್ರಿ ಬರಬಹುದಾದ ದೂರದಲ್ಲಿ ಇಟಲಿಯ ಅಮೃತಶಿಲೆ ಇದೆಯಲ್ಲ, ಅದಕ್ಕಾದರೂ ಹೋಗಿಬನ್ನಿ.

ಇಟಲಿಗೆ ಹೋದ ಮೈದುನ ಈ ಶಿಲ್ಪದ ಒಂದು ಅಡಿ ಎತ್ತರದ ಗೊಂಬೆ ತಂದುಕೊಟ್ಟರು. ಷೋಕೇಸಿನಲ್ಲಿಟ್ಟು ಹಳದಿಗಟ್ಟಿದೆ, ರೆಕ್ಕೆಯ ಸಂದಿಯಲ್ಲಿ ಧೂಳು. ಹುಣಸೆಹಣ್ಣು ಹಚ್ಚಿ ತೊಳೆಯಬಹುದೇ?
– ಗೃಹಿಣಿ, ಶಿವಮೊಗ್ಗ

ಬೇಡ ತಾಯಿ, ಬೇಡ. ಹುಣಸೆ, ನಿಂಬೆ, ವಿನಿಗರ್, ಬಾತ್‌ರೂಮಿನ ಆಸಿಡ್, ಯಾವ ಹುಳಿಯೂ ತಾಗಬಾರದು. ಅಮೃತಶಿಲೆ ಎಂದರೆ ಸುಣ್ಣದ ಕಲ್ಲಿನ ಜಾತಿ, ಹುಳಿ ಅದನ್ನು ತಿನ್ನುತ್ತದೆ. ಹೊಳಪು ಹೋಗಿ ಮೈಯೆಲ್ಲ ಒರಟಾಗುತ್ತದೆ, ಆಮೇಲೆ ಧೂಳು ಇನ್ನೂ ಜಾಸ್ತಿ ಕೂರುತ್ತದೆ. ಹಿತ್ತಾಳೆ ದೀಪಕ್ಕೆ ಮಾಡುವ ಉಪಚಾರ ಇದಕ್ಕಲ್ಲ.

ಮೊದಲು ಅದು ಕಲ್ಲು ಹೌದೋ ಅಲ್ಲವೋ ನೋಡಿಕೊಳ್ಳಿ. ಅಂಗಡಿಗಳಲ್ಲಿ ಮಾರುವ ಬಹುಪಾಲು ಗೊಂಬೆಗಳು ಅಮೃತಶಿಲೆಯ ಪುಡಿಯನ್ನು ರಾಳದಲ್ಲಿ ಕಲಸಿ ಅಚ್ಚಿಗೆ ಹೊಯ್ದವು. ಅವುಗಳಲ್ಲಿ ಹಳದಿಯಾಗುವುದು ಹೆಚ್ಚಾಗಿ ಆ ರಾಳವೇ, ಅದು ತೊಳೆದರೆ ಹೋಗುವುದಿಲ್ಲ. ಕೈಯಲ್ಲಿ ಹಿಡಿದರೆ ಕಲ್ಲು ಬಹಳ ಹೊತ್ತು ತಣ್ಣಗಿರುತ್ತದೆ, ರಾಳದ್ದು ಬೇಗ ಬೆಚ್ಚಗಾಗುತ್ತದೆ. ರೆಕ್ಕೆಯ ಅಂಚಿನಲ್ಲೋ ಪೀಠದ ಪಕ್ಕದಲ್ಲೋ ಅಚ್ಚಿನ ಸಣ್ಣ ಏಣು ಉಗುರಿಗೆ ಸಿಕ್ಕರೆ ಅದು ಹೊಯ್ದದ್ದೇ. ಮೈದುನರಿಗೆ ಹೇಳಲು ಹೋಗಬೇಡಿ.

ಎರಡಕ್ಕೂ ಉಪಾಯ ಒಂದೇ. ಪೇಂಟಿಂಗ್ ಮಾಡುವ ಮೆತ್ತನೆಯ ಒಣ ಬ್ರಷ್‌ನಿಂದ ಸಂದಿಯ ಧೂಳು ತೆಗೆಯಿರಿ. ಆಮೇಲೆ ಹಳೆಯ ಬಿಳಿ ಹತ್ತಿಬಟ್ಟೆಯನ್ನು ಬರೀ ನೀರಿನಲ್ಲಿ ಅದ್ದಿ, ಗಟ್ಟಿಯಾಗಿ ಹಿಂಡಿ, ಒರೆಸಿ, ಕೂಡಲೇ ಒಣಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಿ. ಬಣ್ಣದ ಬಟ್ಟೆ ಬೇಡ, ಬಣ್ಣ ಇಳಿಯುತ್ತದೆ. ಎತ್ತುವಾಗ ರೆಕ್ಕೆ ಹಿಡಿದು ಎತ್ತಬೇಡಿ, ಪೀಠದ ಕೆಳಗೆ ಎರಡೂ ಕೈ ಕೊಡಿ. ಪೊಸ್ಸಾಞೋದಲ್ಲಿ 2020ರಲ್ಲಿ ಪ್ರವಾಸಿಯೊಬ್ಬ ಫೋಟೊ ತೆಗೆಸಿಕೊಳ್ಳಲು ಪೌಲಿನಳ ಪ್ಲಾಸ್ಟರಿನ ಮೇಲೆ ಕೂತು ಕಾಲ್ಬೆರಳು ಮುರಿದು ಎದ್ದುಹೋದ. ಷೋಕೇಸಿಗೆ ಬೀಗ ಇದ್ದರೆ,  ಮಕ್ಕಳ ಬೇಸಿಗೆ ರಜೆ ಮುಗಿಯುವ ತನಕ ಹಾಕಿಡಿ.